ನಾಲ್ಕು ಗೇಣು, ಅರ್ಧ ಗೇಣು

“ಬುದ್ಧಿ, ಮೊದಲ ವರ್ಷ ಮೂರು ಹೊತ್ತಗೆ ಮುಗಿಸಿದೆ. ಎರಡನೆಯ ವರ್ಷ ಎರಡು. ಈ ವರ್ಷ ಅರ್ಧವೂ ಆಗಿಲ್ಲ. ಓದುವ ಹೊತ್ತು ಅಷ್ಟೇ ಇದೆ, ದೀಪಕ್ಕೆ ಎಣ್ಣೆಯೂ ಅಷ್ಟೇ ಹಿಡಿಯುತ್ತದೆ. ಹಾಗಾದರೆ ನನ್ನ ತಲೆ ಎಲ್ಲೋ ಸೋರುತ್ತಿದೆ. ಸೋರುವ ತಲೆ ಹೊತ್ತುಕೊಂಡು ಇಲ್ಲಿ ಕೂತಿರುವುದಕ್ಕಿಂತ ಊರಿಗೆ ಹೋಗಿಬಿಡುವುದು ಮೇಲಲ್ಲವೇ?”

ಮಠದ ಗುರುಗಳ ಮುಂದೆ ಮುರಿಗೆಪ್ಪ ಇದನ್ನು ನಿಂತುಕೊಂಡೇ ಕೇಳಿದ. ಕೂತರೆ ಏಳಲು ಮನಸ್ಸು ಬರುವುದಿಲ್ಲ ಎಂಬ ಅಂಜಿಕೆ ಅವನಿಗಿತ್ತು. ಬಟ್ಟೆಯ ಗಂಟು ಆಗಲೇ ಜಗಲಿಯ ಮೇಲಿತ್ತು. ಮಠಕ್ಕೆ ಅಕ್ಕಿ ತಂದ ಗಾಡಿ ಮಧ್ಯಾಹ್ನದೊಳಗೆ ಅವನ ಊರಿನ ಕಡೆ ಹೊರಡುವುದಿತ್ತು. ಒಂದು ಮಾತು ಕೇಳಿ ಬಂದುಬಿಡುತ್ತೇನೆ ಎಂದು ಗಾಡಿಯವನಿಗೆ ಹೇಳಿ ಒಳಗೆ ಬಂದಿದ್ದ. ಎತ್ತು ಕೊರಳು ಅಲ್ಲಾಡಿಸಿ ಗೆಜ್ಜೆ ಸದ್ದಾದಾಗಲೆಲ್ಲ, ಗಾಡಿ ಹೊರಟೇ ಹೋಯಿತೇನೋ ಎಂದು ಬಾಗಿಲ ಕಡೆ ತಿರುಗುತ್ತಿದ್ದ.

ಅವನು ದಡ್ಡನಲ್ಲ. ತ್ರೈರಾಶಿಯಲ್ಲಿ ಆ ಮಠದಲ್ಲೇ ಅವನನ್ನು ಮೀರಿಸುವವರಿರಲಿಲ್ಲ. ಐದು ಜನಕ್ಕೆ ಮೂರು ಸೇರು ಅಕ್ಕಿಯಾದರೆ ನಲವತ್ತು ಜನಕ್ಕೆ ಎಷ್ಟು ಎಂದು ಅಡುಗೆಯವನು ಕೇಳಿ ಮುಗಿಸುವಷ್ಟರಲ್ಲಿ ಇಪ್ಪತ್ತನಾಲ್ಕು ಎಂದುಬಿಡುತ್ತಿದ್ದ. ಆ ಚುರುಕೇ ಈಗ ಅವನಿಗೆ ಮುಳುವಾಗಿತ್ತು. ತನ್ನ ಮೂರು ವರ್ಷಗಳನ್ನೂ ತ್ರೈರಾಶಿಗೆ ಹಾಕಿ ನೋಡಿದ್ದ. ಗುರುಗಳು ಕಲಿಸಬೇಕೆಂದಿದ್ದ ಹೊತ್ತಗೆಗಳಲ್ಲಿ ಇನ್ನೂ ಏಳು ಉಳಿದಿದ್ದವು. ಈಗಿನ ನಡಿಗೆಯಲ್ಲಿ ಅವಕ್ಕೆ ಹದಿನಾಲ್ಕು ವರ್ಷ ಬೇಕು. ಮುಂದಿನ ವರ್ಷ ನಡಿಗೆ ಇನ್ನೂ ಕುಂಟಿದರೆ ಎಷ್ಟು ಬೇಕೋ, ಆ ಲೆಕ್ಕ ಹಾಕುವ ಧೈರ್ಯ ಅವನಿಗಾಗಿರಲಿಲ್ಲ.

ಗುರುಗಳಿಗೆ ಹೇಳದೆ ಉಳಿಸಿಕೊಂಡ ಮಾತೂ ಒಂದಿತ್ತು. ಎರಡು ತಿಂಗಳಿಂದ ಅವನು ಆರನೆಯ ಹೊತ್ತಗೆಯನ್ನು ಬಿಚ್ಚಿಯೇ ಇರಲಿಲ್ಲ. ತಲೆ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದರಲ್ಲೇ ಆ ದಿನಗಳು ಕಳೆದಿದ್ದವು. ಹಳೆಯ ಹೊತ್ತಗೆಗಳನ್ನು ಮುಚ್ಚಿಟ್ಟು, ಕಲಿತದ್ದನ್ನು ಬಾಯಲ್ಲಿ ಒಪ್ಪಿಸಿಕೊಳ್ಳುವನು. ತಪ್ಪಿದ ಕಡೆಯೆಲ್ಲ ಕೋಣೆಯ ಗೋಡೆಗೆ ಇದ್ದಿಲಿನಿಂದ ಒಂದು ಗೆರೆ ಎಳೆಯುವನು. ಮರುದಿನ ಗೆರೆಗಳನ್ನು ಎಣಿಸಿ, ನಿನ್ನೆಗಿಂತ ಹೆಚ್ಚಾಗಿವೆ ಎಂದು ಊಟ ಬಿಡುವನು. ಗೆರೆ ಹೆಚ್ಚಾದಷ್ಟೂ ತಪ್ಪು ಹೆಚ್ಚಾಗುತ್ತಿತ್ತು, ತಪ್ಪು ಹೆಚ್ಚಾದಷ್ಟೂ ಗೆರೆ. ಕೊನೆಗೆ ಗೋಡೆಯಲ್ಲಿ ಜಾಗವಿಲ್ಲದಾಗಿ, ಇವತ್ತು ಬೆಳಿಗ್ಗೆ ಗಂಟು ಕಟ್ಟಿದ್ದ.

ಗುರುಗಳು ದೀಪದ ಬತ್ತಿ ಹೊಸೆಯುತ್ತಿದ್ದರು, ತಲೆ ಎತ್ತಲಿಲ್ಲ. ಗಾಡಿ ನಿಂತಿರಲಿ, ಎತ್ತುಗಳಿಗೂ ಒಂದಿಷ್ಟು ದಣಿವಾರುತ್ತದೆ ಎಂದು ಹೇಳಿ ಒಂದು ಕತೆಗೆ ತೊಡಗಿದರು. ಮುರಿಗೆಪ್ಪನಿಗೆ ಕತೆ ಬೇಕಿರಲಿಲ್ಲ. ಹೂಂ ಅಥವಾ ಉಹೂಂ, ಎರಡರಲ್ಲೊಂದು ಬೇಕಿತ್ತು. ಗುರುಗಳ ಮಾತಿಗೆ ಅಡ್ಡ ಬರಲಾಗದೆ ಕಂಬಕ್ಕೆ ಒರಗಿದ. ಕಾಲು ಮಾತ್ರ ಸುಮ್ಮನಿರಲಿಲ್ಲ.

ಒಂದು ಊರಿನವರು ಹೊಸ ಕೆರೆ ಕಟ್ಟಿದರು. ಎರಡು ಬೇಸಿಗೆ ಊರಿಗೆ ಊರೇ ಮಣ್ಣು ಹೊತ್ತಿತು. ಏರಿಯ ಹೊಟ್ಟೆಯೊಳಗೆ ನೀರು ಹಾಯದಂತೆ ಜೇಡಿಮಣ್ಣಿನ ಗೋಡೆ ಇಟ್ಟು, ಅದರ ಮೇಲೆ ದನಗಳನ್ನು ಹಿಂದಕ್ಕೂ ಮುಂದಕ್ಕೂ ನಡೆಸಿ ತುಳಿಸಿದರು. ಮೇಲಿನ ಹೊಳೆಯಿಂದ ಕಾಲುವೆ ತೋಡಿ ಕೆರೆಗೆ ತಿರುಗಿಸಿದರು. ಕೆರೆ ಕಾಯುವುದಕ್ಕೆ, ತೂಬು ತೆಗೆದು ಮುಚ್ಚುವುದಕ್ಕೆ ಒಬ್ಬ ನೀರುಗಂಟಿಯನ್ನು ಇಟ್ಟರು. ಅವನು ನಂಬಿಕಸ್ಥ. ಕುಡಿತ ಇಲ್ಲ, ಸೋಮಾರಿತನ ಇಲ್ಲ, ಲೆಕ್ಕದಲ್ಲಿ ಎತ್ತಿದ ಕೈ. ಇಂಥವನು ಇರುವಾಗ ಕೆರೆಗೇನಾದೀತು ಎಂದು ಊರವರು ನೆಮ್ಮದಿಯಾಗಿದ್ದರು.

ಕೆರೆಯೊಳಗೆ, ತೂಬಿನ ಪಕ್ಕದಲ್ಲಿ, ಒಂದು ಕಲ್ಲುಕಂಬ. ಅದಕ್ಕೆ ಗೇಣಿಗೊಂದರಂತೆ ನಲವತ್ತು ಗೆರೆ ಕೊರೆದಿದ್ದರು. ನೀರು ನಲವತ್ತನೆಯ ಗೆರೆ ಮುಟ್ಟಿದರೆ ಕೆರೆ ತುಂಬಿ ಕೋಡಿ ಬೀಳುತ್ತದೆ. ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು. ಹೊಸ ಕೆರೆ ಮೊದಲ ಸಲ ಕೋಡಿ ಬೀಳುವವರೆಗೆ ತೂಬು ತೆಗೆಯುವಂತಿಲ್ಲ. ಕೋಡಿ ಬಿದ್ದ ದಿನವೇ ಗಂಗೆಗೆ ಬಾಗಿನ ಬಿಟ್ಟು, ತೂಬು ತೆಗೆದು, ಆ ಮೊದಲ ನೀರಿನಲ್ಲೇ ಮೊಳಕೆ ಭತ್ತವನ್ನು ಸಸಿಮಡಿಗೆ ಚೆಲ್ಲಬೇಕು. ಭತ್ತ ನೆನೆಸಿ, ಗೋಣಿಯಲ್ಲಿ ಕಟ್ಟಿ, ಮೊಳಕೆ ಬರಿಸಲು ಮೂರು ದಿನ ಹಿಡಿಯುತ್ತದೆ. ಮೊಳಕೆ ಬಂದ ಭತ್ತ ಕಾಯುವುದಿಲ್ಲ, ಒಂದೆರಡು ದಿನ ತಡವಾದರೂ ಗೋಣಿಯಲ್ಲೇ ಕೊಳೆಯುತ್ತದೆ. ಅದಕ್ಕೆ ಕೋಡಿ ಬೀಳುವ ದಿನ ಮುಂಚೆಯೇ ಗೊತ್ತಾಗಬೇಕು. ಆ ದಿನ ಯಾವುದೆಂದು ಹೇಳುವುದು ನೀರುಗಂಟಿಯ ಕೆಲಸ.

ಕಾಲುವೆ ಬಿಟ್ಟ ಮೊದಲ ದಿನ ಕಂಬದ ಮೇಲೆ ನೀರು ನಾಲ್ಕು ಗೇಣು ಏರಿತು. ಎರಡನೆಯ ದಿನ ನಾಲ್ಕು ಗೇಣು. ಮೂರನೆಯ ದಿನವೂ ನಾಲ್ಕೇ.

ಇಷ್ಟು ಹೇಳಿ ಗುರುಗಳು ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. ನೀನು ನೀರುಗಂಟಿಯಾಗಿದ್ದರೆ ಯಾವ ದಿನ ಹೇಳುತ್ತಿದ್ದೆ ಎಂದು ಕೇಳಿದರು.

“ಹತ್ತನೆಯ ದಿನ,” ಎಂದ ಮುರಿಗೆಪ್ಪ, ಯೋಚಿಸದೆ.

“ಅವನೂ ಹತ್ತನೆಯ ದಿನ ಅಂದ.”

ಊರಲ್ಲಿ ಡಂಗುರ ಹೊಡೆಸಿದರು. ಹತ್ತನೆಯ ದಿನಕ್ಕೆ ಕೋಡಿ, ಏಳನೆಯ ದಿನ ಭತ್ತ ನೆನೆಸುವುದು. ನೀರುಗಂಟಿ ಬೀದಿಯಲ್ಲಿ ಹೋದರೆ ಜನ ನಿಂತು ಮಾತಾಡಿಸಿದರು. ಅವನಿಗೂ ಅದು ಹಿತವಾಗಿತ್ತು.

ನಾಲ್ಕನೆಯ ದಿನ ನೀರು ಎರಡೇ ಗೇಣು ಏರಿತು.

ಅವನು ಗೆರೆಗಳನ್ನು ಮತ್ತೆ ಎಣಿಸಿದ. ಎರಡೇ. ಮೇಲೆ ಹೊಳೆ ಬತ್ತಿತೇನೋ ಎಂದು ಕಾಲುವೆಯ ಬಾಯಿಯವರೆಗೆ ಒಂದು ಹರದಾರಿ ನಡೆದುಹೋಗಿ ನೀರಿಗೆ ಕಾಲಿಟ್ಟು ನೋಡಿದ. ಮೊದಲ ದಿನ ಮೊಣಕಾಲುದ್ದ ಇತ್ತು, ಈಗಲೂ ಮೊಣಕಾಲುದ್ದವೇ. ಸೆಳೆತವೂ ಅಷ್ಟೇ. ಐದನೆಯ ದಿನ ಒಂದು ಗೇಣು ಏರಿತು. ಮತ್ತೆ ನಡೆದ, ಮತ್ತೆ ಕಾಲಿಟ್ಟ, ಮತ್ತೆ ಮೊಣಕಾಲುದ್ದ. ಆರನೆಯ ದಿನವೂ ಒಂದೇ ಗೇಣು. ಕಂಬದಿಂದ ಕಾಲುವೆಗೆ, ಕಾಲುವೆಯಿಂದ ಕಂಬಕ್ಕೆ ಓಡಾಡಿ ಅವನ ಅಂಗಾಲು ಬಿರಿಯಿತು. ಊಟ ಸೇರಲಿಲ್ಲ. ಹೆಂಡತಿ ಏನಾಯಿತೆಂದು ಕೇಳಿದರೆ ಏನಿಲ್ಲ ಅಂದ.

ಆರನೆಯ ದಿನ ಸಂಜೆ ಊರ ಗೌಡ ಏರಿಯ ಮೇಲೆ ಬಂದು, ನಾಳೆ ಭತ್ತ ನೆನೆಸಬಹುದಲ್ಲವೇ ಎಂದು ಕೇಳಿದ. ಲೆಕ್ಕದ ಪ್ರಕಾರ ನೀರು ಇಪ್ಪತ್ತನಾಲ್ಕನೆಯ ಗೆರೆಯಲ್ಲಿರಬೇಕಿತ್ತು. ಇದ್ದದ್ದು ಹದಿನಾರರಲ್ಲಿ. ತಡೆಯಿರಿ, ನನ್ನ ಲೆಕ್ಕ ಎಲ್ಲೋ ತಪ್ಪಿದೆ, ನೋಡಿ ಹೇಳುತ್ತೇನೆ ಎಂದರೆ ಮುಗಿದಿತ್ತು. ಆ ಮಾತು ಗಂಟಲವರೆಗೆ ಬಂತು. ಡಂಗುರದ ಸದ್ದು ನೆನಪಾಯಿತು, ಬೀದಿಯಲ್ಲಿ ಮಾತಾಡಿಸಿದವರ ಮುಖ ನೆನಪಾಯಿತು. ಅವನಿಗೆ ನಾಚಿಕೆಯಾಯಿತು.

“ನೆನೆಸ್ಕೊಳ್ಳಿ ಗೌಡ್ರೇ,” ಅಂದ.

ಏಳನೆಯ ದಿನ ಮನೆಮನೆಯಲ್ಲೂ ಭತ್ತ ನೀರಿಗೆ ಬಿತ್ತು. ಕಂಬದ ಮೇಲೆ ನೀರು ಅರ್ಧ ಗೇಣು ಏರಿತು.

ಗುರುಗಳು ಇಲ್ಲಿ ಇನ್ನೊಮ್ಮೆ ಕತೆ ನಿಲ್ಲಿಸಿದರು. ಬರುವ ನೀರು ಮೊದಲಿನಷ್ಟೇ ಬರುತ್ತಿದೆ, ಏರುವುದು ಮಾತ್ರ ಎಂಟರಲ್ಲಿ ಒಂದು ಪಾಲಾಯಿತು, ಉಳಿದ ಏಳು ಪಾಲು ಎಲ್ಲಿ ಹೋಯಿತು ಎಂದು ಕೇಳಿದರು. ಮುರಿಗೆಪ್ಪನಿಗೆ ಒಳಗೊಳಗೇ ಹಿಗ್ಗಾಯಿತು. ಕತೆ ತನ್ನ ಕಡೆಗೇ ಬರುತ್ತಿದೆ ಅನ್ನಿಸಿತು. ಗಂಟಿನ ಕಡೆ ಒಮ್ಮೆ ನೋಡಿದ.

“ಇನ್ನೇನಿದೆ ಬುದ್ಧಿ, ಏರಿ ಸೋರುತ್ತಿದೆ.”

“ಅವನಿಗೂ ಹಾಗೇ ಅನ್ನಿಸಿತು,” ಎಂದು ಗುರುಗಳು ಮತ್ತೊಂದು ಬತ್ತಿಗೆ ಹತ್ತಿ ತೆಗೆದುಕೊಂಡರು.

ಎಂಟನೆಯ ದಿನ ನೀರುಗಂಟಿ ಹಾರೆ ಗುದ್ದಲಿ ಹೊತ್ತು ಏರಿಯ ಹೊರಮಗ್ಗುಲಿಗೆ ಇಳಿದ. ಕೆರೆ ಸೋರಿದರೆ ಆ ಕಡೆ ಜವುಗಾಗಬೇಕು. ಎಲ್ಲೂ ಜವುಗಿರಲಿಲ್ಲ. ಹುಲ್ಲು ಒಣಗಿತ್ತು. ಸೋರಿಕೆ ಒಳಗಿರಬೇಕು ಅಂದುಕೊಂಡು ಒಂದು ಮೊಳ ಅಗೆದ. ಒಣಮಣ್ಣು. ಹತ್ತು ಹೆಜ್ಜೆ ಆಚೆ ಎರಡು ಮೊಳ ಅಗೆದ. ಒಣಮಣ್ಣು. ಒಣಮಣ್ಣು ಕಂಡು ನೆಮ್ಮದಿಪಡಬೇಕಾದವನು ಇನ್ನಷ್ಟು ಕಂಗಾಲಾದ. ಕೆರೆ ಸೋರದೆ ಇದ್ದರೆ ತಪ್ಪು ಅವನದಾಗುತ್ತಿತ್ತು. ಅವನಿಗೆ ಈಗ ಸೋರಿಕೆ ಬೇಕಾಗಿತ್ತು.

ಆ ಹೊತ್ತಿಗೆ ಒಬ್ಬ ಕುಂಬಾರಗಿತ್ತಿ ಕತ್ತೆಯ ಮೇಲೆ ಮಡಕೆ ಹೇರಿಕೊಂಡು ಆ ದಾರಿಯಲ್ಲಿ ಬಂದಳು. ಕೆರೆಯ ಮೇಲಂಚಿನ ಬಯಲಿನಲ್ಲಿ ಅವಳ ಗುಡಿಸಲು, ಮಡಕೆ ಸುಡುವ ಆವಿಗೆ. ಕಾಲುವೆ ಬಿಟ್ಟ ದಿನದಿಂದ ಅವಳು ದಿನಾ ಬೆಳಿಗ್ಗೆ ನೀರಿನ ಅಂಚಿಗೆ ಒಂದು ಗೂಟ ನೆಡುತ್ತಿದ್ದಳು, ನೀರು ಎಷ್ಟು ಹತ್ತಿರ ಬಂತು ಎಂದು ತಿಳಿಯುವುದಕ್ಕೆ. ಮಣ್ಣು ಮೆತ್ತಿಕೊಂಡ ಅವನ ಮುಖ ನೋಡಿ ಅವಳು ನಿಂತಳು.

“ನಿನ್ನ ನೀರು ನನ್ನ ಅಟ್ಟಿಸ್ಕೊಂಡು ಬರ್ತೈತೆ ಕಣಣ್ಣ,” ಅಂದಳು. “ನಿನ್ನೆ ಒಂದೇ ದಿನಕ್ಕೆ ಮುನ್ನೂರು ಹೆಜ್ಜೆ ಬಂದೈತೆ. ಆವಿಗೆ ಆರ್ಸಿ ಮಡಕೆ ಸಾಗಿಸ್ತಾ ಇದೀನಿ.”

ಏರದ ನೀರು ಅಟ್ಟಿಸಿಕೊಂಡು ಬರುವುದೆಂದರೇನು, ಈ ಹೆಂಗಸಿಗೆ ಎಲ್ಲೋ ತಲೆ ಕೆಟ್ಟಿದೆ ಅಂದುಕೊಂಡ ಅವನು. ಅವಳ ಮಣ್ಣು ಮಡಕೆಯ ಗೋಳು ಕೇಳಲು ತನಗೆ ಬಿಡುವಿಲ್ಲವೆಂದು ಹೇಳಿ ಮತ್ತೆ ಗುಂಡಿಗೆ ಇಳಿದ. ಕುಂಬಾರಗಿತ್ತಿ ಕತ್ತೆ ಹೊಡೆದುಕೊಂಡು ಹೋದಳು.

ಒಂಬತ್ತನೆಯ ದಿನ ಗೋಣಿಗಳೊಳಗೆ ಭತ್ತ ಬಿಸಿಯಾಯಿತು. ಮೊಳಕೆಯ ವಾಸನೆ ಬೀದಿಗೆಲ್ಲ ಹರಡಿತು. ಗೋಣಿಯ ಬಾಯಿ ಸರಿಸಿ, ಬೆಳ್ಳನೆಯ ಮೂತಿಗಳನ್ನು ನೋಡಿ, ಹೆಂಗಸರು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು. ನೀರುಗಂಟಿ ಆ ಬೀದಿ ತಪ್ಪಿಸಿ ಹಿತ್ತಿಲ ದಾರಿಯಲ್ಲಿ ಏರಿಗೆ ಹೋದ. ಹಿಂದೆ ಹಳ್ಳದ ಕೊರಕಲು ಇದ್ದ ಕಡೆ, ಏರಿಯ ಬುಡಕ್ಕೇ, ಹಾರೆ ಹಾಕಿದ. ಮೂರು ಮೊಳ ಒಣಮಣ್ಣು. ನಾಲ್ಕು ಮೊಳ, ಐದು ಮೊಳ. ಆಮೇಲೆ ಹಾರೆಗೆ ಜೇಡಿಮಣ್ಣು ತಾಗಿತು. ಎರಡು ಬೇಸಿಗೆ ದನ ತುಳಿದ ಮಣ್ಣು ಅದು, ಸುಲಭಕ್ಕೆ ಬಿಡಲಿಲ್ಲ. ಅವನೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಾರೆಯ ತುದಿಗೆ ಹಸಿಮಣ್ಣು ಅಂಟಿಕೊಂಡು ಬಂತು.

ಅದನ್ನು ಅಂಗೈಯಲ್ಲಿ ಹಿಡಿದು ಹಿಂಡಿದ. ಎರಡು ಹನಿ ನೀರು ಬಿತ್ತು. ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸಿಕ್ಕಿತು ಸಿಕ್ಕಿತು ಎಂದು ಊರೊಳಗೆ ಓಡಿದ. ತನ್ನ ಲೆಕ್ಕ ಸರಿಯಿತ್ತು, ಏರಿ ಸರಿಯಿರಲಿಲ್ಲ ಎಂದು ಕಂಡವರಿಗೆಲ್ಲ ಹೇಳಿದ. ಅವರನ್ನು ಕರೆದುಕೊಂಡು ಬರುವಷ್ಟರಲ್ಲಿ ಗುಂಡಿಯೊಳಗೆ ಬೆರಳು ಗಾತ್ರದ ನೀರು ಹರಿಯುತ್ತಿತ್ತು. ಹುಲ್ಲು ತುರುಕಿದರು, ಮಣ್ಣು ತುರುಕಿದರು, ಕಲ್ಲು ಉರುಳಿಸಿದರು. ಬೆರಳು ಗಾತ್ರದ್ದು ತೊಡೆ ಗಾತ್ರವಾಯಿತು. ಆಮೇಲೆ ಯಾರೂ ಹತ್ತಿರ ಹೋಗಲಿಲ್ಲ. ಪಕ್ಕದ ದಿಬ್ಬ ಹತ್ತಿ ನಿಂತು, ಎರಡು ಬೇಸಿಗೆಯ ಮಣ್ಣು ಹೋಗುವುದನ್ನು ಕಣ್ಣಾರೆ ನೋಡಿದರು. ನೀರು ಹಳೆಯ ಹಳ್ಳ ಹಿಡಿದು ಹೋಯಿತು, ಪುಣ್ಯಕ್ಕೆ ಒಂದು ಜೀವವೂ ಹೋಗಲಿಲ್ಲ.

ಹತ್ತನೆಯ ದಿನ ಮೊಳಕೆ ಭತ್ತವನ್ನು ದನಗಳ ಮುಂದೆ ಸುರಿದರು. ದನಗಳು ಇಷ್ಟಪಟ್ಟು ತಿಂದವು. ಹೆಂಗಸರು ನೋಡಲಾರದೆ ಒಳಗೆ ಹೋದರು. ನೀರುಗಂಟಿಗೆ ಯಾರೂ ಒಂದು ಮಾತು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು.

ಊರೊಳಗೆ ಇರಲಾಗದೆ ಅವನು ಬರಿದಾದ ಕೆರೆಯೊಳಕ್ಕೆ ಇಳಿದ. ಅಲ್ಲಿ ಕುಂಬಾರಗಿತ್ತಿಯ ಗೂಟಗಳು ಹಾಗೇ ನಿಂತಿದ್ದವು. ಮೊದಲ ಮೂರು, ಕೆರೆಯ ತಳದಲ್ಲಿದ್ದ ಹಳೆಯ ಹಳ್ಳದ ಕೊರಕಲಿನ ದಡದಲ್ಲಿ ಒಂದರ ಮೇಲೊಂದು ಇದ್ದವು. ಕೊರಕಲು ಎಷ್ಟು ಕಿರಿದೆಂದರೆ ಮೂವತ್ತು ಹೆಜ್ಜೆಗೆ ಎದುರು ದಡ ಸಿಕ್ಕಿತು. ನಾಲ್ಕನೆಯ ಗೂಟ ದಡದ ಮೇಲೆ, ಬಯಲಿನಲ್ಲಿ. ಅಲ್ಲಿಂದ ಐದನೆಯದಕ್ಕೆ ನೂರು ಹೆಜ್ಜೆ. ಐದರಿಂದ ಆರಕ್ಕೆ ನಡೆದ, ಆರರಿಂದ ಏಳಕ್ಕೆ ನಡೆದ. ಏಳರಿಂದ ಎಂಟಕ್ಕೆ ಹೆಜ್ಜೆ ಎಣಿಸುತ್ತ ಹೋದರೆ ಮುನ್ನೂರು ಮುಗಿಯಿತು. ಅಲ್ಲಿ ನಿಂತು ತಿರುಗಿ ನೋಡಿದ. ಬಯಲಿನ ಆ ಅಂಚು ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. ನೆಲ ಅಂಚಿನಿಂದ ಅಂಚಿನವರೆಗೂ ಒದ್ದೆಯಾಗಿತ್ತು.

ಆಗ ಅವನಿಗೆ ತಿಳಿಯಿತು. ಕೊರಕಲಿನಲ್ಲಿದ್ದಾಗ ನೀರಿಗೆ ಏರುವುದೊಂದೇ ದಾರಿಯಿತ್ತು, ಏರಿತು. ಬಯಲಿಗೆ ಬಂದ ಮೇಲೆ ಹರಡಿಕೊಳ್ಳಲು ಜಾಗ ಸಿಕ್ಕಿತು, ಹರಡಿತು. ಮೊದಲ ದಿನದ ನಾಲ್ಕು ಗೇಣಿನಲ್ಲಿ ಎಷ್ಟು ನೀರಿತ್ತೋ ಏಳನೆಯ ದಿನದ ಅರ್ಧ ಗೇಣಿನಲ್ಲಿ ಅಷ್ಟೇ ಇತ್ತು. ಒಂದು ಹನಿಯೂ ಎಲ್ಲೂ ಹೋಗಿರಲಿಲ್ಲ. ಅವನು ಕಂಬವನ್ನು ಅಳೆದು, ಕೆರೆಯನ್ನು ಅಳೆದೆ ಅಂದುಕೊಂಡಿದ್ದ. ಹತ್ತನೆಯ ದಿನಕ್ಕೆ ತುಂಬುವ ಕೆರೆ ಅದಾಗಿರಲಿಲ್ಲ. ಆದರೆ ತುಂಬುವ ಕೆರೆಯಂತೂ ಆಗಿತ್ತು.

ಅವನು ಒದ್ದೆ ನೆಲದಲ್ಲೇ ಕುಸಿದು ಕೂತು ಅತ್ತ. ಕುಂಬಾರಗಿತ್ತಿ ಅಲ್ಲೇ ಸ್ವಲ್ಪ ದೂರದಲ್ಲಿ, ಮತ್ತೆ ಸಿಕ್ಕಿದ ತನ್ನ ಮಣ್ಣನ್ನು ಬುಟ್ಟಿಗೆ ತುಂಬುತ್ತಿದ್ದಳು. ಅವತ್ತೇ ನನಗೆ ಬಿಡಿಸಿ ಹೇಳಬಾರದಿತ್ತೇ ಎಂದು ಅವಳನ್ನು ಕೇಳಿದ. ಅವಳಿಗೂ ಅವನ ಮೇಲೆ ಮರುಕ ಬಂತು. ಬುಟ್ಟಿ ಕೆಳಗಿಟ್ಟಳು.

“ನನಗೇನು ಗೊತ್ತಿತ್ತಣ್ಣ? ನಾಳೆ ನನ್ನ ಗುಡಿಸ್ಲು ಮುಳುಗ್ತೈತೆ ಅಂತ ನಾನೂ ಓಡಿದ್ದೆ,” ಅಂದಳು. “ನಾನು ಹೆದರಿದ್ದು ಮಡಕೆ ಹೋಗ್ತವೆ ಅಂತ, ಅದಕ್ಕೆ ಮಡಕೆ ಎತ್ತಿಟ್ಕೊಂಡೆ. ನೀನು ಹೆದರಿದ್ದು ಮಾತು ಹೋಗ್ತೈತೆ ಅಂತ.”

ಗುರುಗಳು ಕತೆ ನಿಲ್ಲಿಸಿದರು. ಹೊಸೆದ ಬತ್ತಿಗಳನ್ನು ಒಂದರ ಪಕ್ಕ ಒಂದು ಇಟ್ಟು ಸರಿಮಾಡಿದರು. ಹೊರಗೆ ಗಾಡಿಯವನು, ಬರ್ತೀರೋ ಇಲ್ಲವೋ, ಬಿಸಿಲು ನೆತ್ತಿಗೆ ಬಂತು ಎಂದು ಕೂಗಿದ.

ಮುರಿಗೆಪ್ಪನಿಗೆ ಹೋಗಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಕತೆ ನಡೆಯುವಾಗ ತಾನು ಎರಡು ಸಲ ಕೊಟ್ಟ ಉತ್ತರ ನೆನೆದು ಅವನ ಕಿವಿ ಬಿಸಿಯಾಯಿತು. ಜೊತೆಗೆ ಎದೆಯಲ್ಲಿ ಒಂದು ಆಸೆಯೂ ಎದ್ದಿತ್ತು. ಹಾಗಾದರೆ ತನ್ನ ತಲೆ ಸೋರುತ್ತಿಲ್ಲ. ಮೊದಲ ಮೂರು ಹೊತ್ತಗೆ ಕೊರಕಲಿನಲ್ಲಿ ಏರಿದವು, ಈಗ ಓದುತ್ತಿರುವುದು ಬಯಲಿನಲ್ಲಿ ಹರಡುತ್ತಿದೆ. ಅಷ್ಟು ತಿಳಿದ ಮೇಲೆ ಸುಮ್ಮನಿರಬಹುದಿತ್ತು. ಆದರೆ ಲೆಕ್ಕದ ಚಟ ಬಿಡಬೇಕಲ್ಲ.

“ಹಾಗಾದರೆ ಬುದ್ಧಿ, ನನ್ನ ಕೆರೆ ತುಂಬುವುದಕ್ಕೆ ಇನ್ನೂ ಎಷ್ಟು ವರ್ಷ ಬೇಕು?”

ಗುರುಗಳು ಮೊದಲ ಸಲ ತಲೆ ಎತ್ತಿ ಅವನ ಕೈ ನೋಡಿದರು. ಇದ್ದಿಲಿನ ಕಪ್ಪು ಉಗುರುಗಳ ಸಂದಿಯಲ್ಲಿ ಇನ್ನೂ ಉಳಿದಿತ್ತು.

“ಅದಿರಲಿ, ಆ ಇದ್ದಿಲು ಹಿಡಿದು ಎಷ್ಟು ಮೊಳ ಅಗೆದಿದ್ದೀಯ, ಮೊದಲು ಅದನ್ನು ಹೇಳು.”